ಅಣ್ಣನ ಬೋನ್ ಮ್ಯಾರೋದಿಂದ ಬದುಕಿದ್ದೇನೆ, ತೋಟದ ಪಾಲು ಬಿಟ್ಟುಕೊಡಲೇಬೇಕಾ?

ಪ್ರಶ್ನೆ: ನನಗೆ 36 ವರ್ಷ. ತುಮಕೂರು ಜಿಲ್ಲೆಯವಳು, ಪ್ರೈಮರಿ ಸ್ಕೂಲ್ ಟೀಚರ್. ಎಎಂಎಲ್ ಎಂಬ ಬ್ಲಡ್ ಕ್ಯಾನ್ಸರ್ ಬಂದು, ಬೆಂಗಳೂರಿನಲ್ಲಿ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಆಗಿ 11 ತಿಂಗಳಾಯಿತು. ಕೊಟ್ಟವನು ನನ್ನ ಅಣ್ಣ. ಮೊದಲು ಓ ಪಾಸಿಟಿವ್ ಇದ್ದ ನನ್ನ ರಕ್ತ ಈಗ ಅವನ ಹಾಗೆ ಬಿ ಪಾಸಿಟಿವ್ ಆಗಿದೆ. ಕ್ಯಾನ್ಸರ್ ಇಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಆದರೆ ಸುಸ್ತು ಹೋಗಿಲ್ಲ, ಮರೆವು ಜಾಸ್ತಿ. ಬಾಯಿ ಒಣಗುತ್ತೆ, ಖಾರ ತಿನ್ನೋಕೆ ಆಗಲ್ಲ, ಕೈ ಮೇಲೆ ಕಪ್ಪು ಕಲೆಗಳಿವೆ. ಇದು ಜಿವಿಎಚ್‌ಡಿ ಅಂತೆ. ಅಪ್ಪ ತೀರಿಕೊಂಡು ಮೂರು ವರ್ಷ. ತಾತನ ಕಾಲದ ತೆಂಗಿನ ತೋಟ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಈಗ ಅಮ್ಮ ‘ಅಣ್ಣ ನಿನಗೆ ಜೀವ ಕೊಟ್ಟಿದ್ದಾನೆ, ನೀನು ಪಾಲು ಬಿಟ್ಟುಕೊಡು, ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕು’ ಅನ್ನುತ್ತಾರೆ. ಯೋಚನೆ ಮಾಡ್ತೀನಿ ಅಂದದ್ದಕ್ಕೆ ‘ಅವನ ಮನಸ್ಸು ನೋಯಿಸಿದ್ದಕ್ಕೇ ಅವನ ರಕ್ತ ನಿನ್ನ ಮೇಲೆ ತಿರುಗಿಬಿದ್ದಿದೆ’ ಅಂದುಬಿಟ್ಟರು. ಅಣ್ಣ ಏನೂ ಹೇಳಿಲ್ಲ, ಆದರೆ ಫೋನ್ ಮಾಡೋದು ಕಡಿಮೆಯಾಗಿದೆ. ಅತ್ತಿಗೆ ಪ್ರೀತಿಯಿಂದಲೇ ಅಮೃತಬಳ್ಳಿ ಕಷಾಯ ಕಳಿಸುತ್ತಾರೆ. ನನ್ನ ಯಜಮಾನರು ‘ನಿಮ್ಮ ತವರಿನ ವಿಷಯ, ನೀನೇ ನೋಡ್ಕೋ’ ಅನ್ನುತ್ತಾರೆ. ಮುಂದಿನ ತಿಂಗಳಿಂದ ಸ್ಕೂಲಿಗೂ ಹೋಗು ಅಂತಿದ್ದಾರೆ. ಮೈಯಲ್ಲಿ ಅಣ್ಣನ ರಕ್ತ ಇಟ್ಟುಕೊಂಡು ಅವನಿಗೇ ಆಗಲ್ಲ ಅನ್ನೋಕೆ ಆಗುತ್ತಾ?

– ಹೆಸರು ಬೇಡ

ತಂಗಿ, ಮೊದಲು ಎರಡು ಮಾತು. ಸದ್ಯಕ್ಕೆ ಯಾವ ಪತ್ರಕ್ಕೂ ಸೈನ್ ಹಾಕಬೇಡಿ. ಇವತ್ತಿನಿಂದಲೇ ಕಷಾಯ ಕುಡಿಯಬೇಡಿ. ಉಳಿದದ್ದನ್ನು ನಿಧಾನಕ್ಕೆ ನೋಡೋಣ.

ಅಮ್ಮನ ಆ ಮಾತು ನಿಮ್ಮನ್ನು ಎಲ್ಲಕ್ಕಿಂತ ಜಾಸ್ತಿ ಚುಚ್ಚಿದೆ ಅಂತ ಪತ್ರ ಓದಿದರೇ ತಿಳಿಯುತ್ತದೆ. ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ. ಅಣ್ಣನ ರಕ್ತ ನಿಮ್ಮ ಮೇಲೆ ಮುನಿಸಿಕೊಂಡಿಲ್ಲ. ಟ್ರಾನ್ಸ್‌ಪ್ಲಾಂಟ್‌ನಲ್ಲಿ ಅಣ್ಣನ ಕಡೆಯಿಂದ ನಿಮಗೆ ಬಂದದ್ದು ಬರೀ ರಕ್ತ ತಯಾರಿಸುವ ಕಣಗಳಲ್ಲ, ರೋಗದ ವಿರುದ್ಧ ಹೋರಾಡುವ ಕಣಗಳೂ ಬಂದಿವೆ. ಆ ಕಣಗಳಿಗೆ ನಿಮ್ಮ ಚರ್ಮ, ಬಾಯಿ, ಕಣ್ಣು, ಲಿವರ್ ಎಲ್ಲವೂ ಹೊಸದು. ಕೆಲವೊಮ್ಮೆ ಅವುಗಳನ್ನೇ ಶತ್ರು ಅಂದುಕೊಂಡು ಕೆಣಕುತ್ತವೆ. ಅದೇ ಜಿವಿಎಚ್‌ಡಿ. ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದಷ್ಟು ಜಗಳ ಇರುವ ಅಣ್ಣ ಕೊಟ್ಟಾಗಲೂ ಬರಬಹುದು, ಪ್ರಾಣಕ್ಕೆ ಪ್ರಾಣ ಕೊಡುವ ಅಕ್ಕ ಕೊಟ್ಟಾಗಲೂ ಬರಬಹುದು. ಯಾರ ಮನಸ್ಸು ನೊಂದಿದೆ ಅನ್ನುವುದು ಆ ಕಣಗಳಿಗೆ ಗೊತ್ತಿಲ್ಲ. ಇನ್ನೊಂದು ವಿಷಯ ಅಮ್ಮನಿಗೂ ಹೇಳಿ. ಎಲ್ಲೋ ಅಡಗಿ ಉಳಿದಿರುವ ಕ್ಯಾನ್ಸರ್ ಕಣಗಳನ್ನು ಹುಡುಕಿ ಕೊಲ್ಲುವುದೂ ಇದೇ ಅಣ್ಣನ ಕಣಗಳು. ನಿಮಗೆ ಬೇರೆಯವರ ಮಜ್ಜೆಯನ್ನೇ ಹಾಕಿದ್ದಕ್ಕೆ ಅದೂ ಒಂದು ಮುಖ್ಯ ಕಾರಣ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಬ್ಲಡ್ ಗ್ರೂಪ್ ಬದಲಾಗಿದೆ ನಿಜ. ರಕ್ತದ ಡಿಎನ್‌ಎ ಟೆಸ್ಟ್ ಮಾಡಿಸಿದರೆ ಅಣ್ಣನ ಗುರುತೇ ಬರುತ್ತದೆ, ಅದೂ ನಿಜ. ಅಷ್ಟಕ್ಕೆ ನೀವು ಅಣ್ಣನ ಸೊತ್ತಾಗುವುದಿಲ್ಲ. ಹೆಪ್ಪಿಗೆ ಒಂದು ಚಮಚ ಮೊಸರನ್ನು ಪಕ್ಕದ ಮನೆಯಿಂದ ತರುತ್ತೇವೆ. ಹಾಲು ನಮ್ಮದು, ಪಾತ್ರೆ ನಮ್ಮದು, ಬೆಳಗ್ಗೆ ಆಗುವ ಮೊಸರೂ ನಮ್ಮದೇ ಅಲ್ವಾ? ಅಣ್ಣ ಕೊಟ್ಟ ಕಣಗಳು ನಿಮ್ಮ ಮೂಳೆಯೊಳಗೆ ಕೂತು, ನೀವು ಉಂಡ ಅನ್ನದಿಂದ, ಈ 11 ತಿಂಗಳು ನೀವು ನುಂಗಿದ ಮಾತ್ರೆಗಳ ಆಸರೆಯಿಂದ ಬೆಳೆದಿವೆ. ಇವತ್ತು ನಿಮ್ಮ ಮೈಯಲ್ಲಿ ಓಡುವ ಒಂದೊಂದು ಹನಿಯನ್ನೂ ತಯಾರಿಸಿದ್ದು ನಿಮ್ಮ ಮೈಯೇ.

ಅಣ್ಣ ಕೊಟ್ಟದ್ದು ಸಣ್ಣದು ಅಂತ ನಾನು ಹೇಳುತ್ತಿಲ್ಲ. ಒಡಹುಟ್ಟಿದ ಒಬ್ಬರ ಟಿಶ್ಯೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಈಗ ಹೆಚ್ಚಾಗಿ ಮಾಡುವ ವಿಧಾನದಲ್ಲಿ ದಾನಿಗೆ ನಾಲ್ಕೈದು ದಿನ ಇಂಜೆಕ್ಷನ್ ಕೊಡುತ್ತಾರೆ. ಸೊಂಟ, ಬೆನ್ನು, ತೊಡೆಯ ಮೂಳೆಗಳೆಲ್ಲ ಜಗ್ಗಿದ ಹಾಗೆ ನೋಯುತ್ತವೆ. ಆಮೇಲೆ ಎರಡೂ ಕೈಗೆ ಸೂಜಿ ಚುಚ್ಚಿಸಿಕೊಂಡು ಗಂಟೆಗಟ್ಟಲೆ ಮೆಷಿನ್ ಪಕ್ಕ ಮಲಗಿರಬೇಕು, ಮೂಗು ತುರಿಸಿದರೂ ಇನ್ನೊಬ್ಬರು ಬರಬೇಕು. ಆದರೆ ಅವರು ಕೊಟ್ಟದ್ದು ಅವರ ಮೈಯಲ್ಲಿ ಕೆಲವು ವಾರಗಳಲ್ಲೇ ಮತ್ತೆ ತುಂಬಿಕೊಂಡಿರುತ್ತದೆ. ತೋಟ ಹಾಗಲ್ಲ. ಒಮ್ಮೆ ಬಿಟ್ಟುಕೊಟ್ಟರೆ ಹೋಯಿತು.

ಕಾನೂನು ನಿಮ್ಮ ಜೊತೆಗಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಆಯಿತು. ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಮದುವೆಯಾಗಿ ಹೋದವಳು ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ಅಮ್ಮ, ಅಣ್ಣ, ನೀವು ಯಾರಿಗೆ ಎಷ್ಟು ಅನ್ನುವುದನ್ನು ಕಾಗದಪತ್ರ ನೋಡಿ ವಕೀಲರೇ ಹೇಳಬೇಕು. ಹಕ್ಕು ಬಿಡುಗಡೆ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದರೆ, ಆಮೇಲೆ ಬೇಡ ಅನ್ನಲು ಕೋರ್ಟ್ ಮೆಟ್ಟಿಲು ಹತ್ತಬೇಕಾಗುತ್ತದೆ. ‘ಪೌತಿ ಖಾತೆಗೆ (ತೀರಿಕೊಂಡವರ ಹೆಸರಲ್ಲಿರುವ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಸುಮ್ನೆ ಒಂದು ಸೈನ್’ ಅಂತ ಯಾರಾದರೂ ಕಾಗದ ತಂದರೂ, ಅದನ್ನು ವಕೀಲರಿಗೆ ತೋರಿಸದೆ ಪೆನ್ ಹಿಡಿಯಬೇಡಿ. ತುಮಕೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಸಂಬಳ ಬರುವ ಹೆಂಗಸಾದರೂ ಸರಿ, ಮಹಿಳೆಯರಿಗೆ ಅಲ್ಲಿ ಉಚಿತ ನೆರವು ಪಡೆಯುವ ಹಕ್ಕಿದೆ.

ಮುಂದೆ ಯಾವತ್ತಾದರೂ, ಮೈ ಮನಸ್ಸು ಗಟ್ಟಿಯಾದ ಮೇಲೆ, ನಿಮಗೇ ಕೊಡಬೇಕು ಅನ್ನಿಸಿದರೆ ಕೊಡಿ. ಅದು ನಿಮ್ಮಿಷ್ಟ. ಆದರೆ ಈ ಸ್ಥಿತಿಯಲ್ಲಿ ಬೇಡ. ನಿಮ್ಮ ಮರೆವು ಆಲಸ್ಯವಲ್ಲ, ವಯಸ್ಸಿನದ್ದೂ ಅಲ್ಲ. ಅಷ್ಟು ಜೋರಿನ ಕೀಮೋ ಆದಮೇಲೆ ತಿಂಗಳುಗಟ್ಟಲೆ ಹೀಗಿರುತ್ತದೆ. ಜಿವಿಎಚ್‌ಡಿಗೆ ಸ್ಟೆರಾಯ್ಡ್ ಕೊಡುತ್ತಿದ್ದರೆ ನಿದ್ದೆ ಕೆಡುತ್ತದೆ, ಇದ್ದಕ್ಕಿದ್ದ ಹಾಗೆ ಅಳು ಬರುತ್ತದೆ, ಸಿಟ್ಟು ಬರುತ್ತದೆ. ಮುಟ್ಟು ನಿಂತು ಮೈ ಬಿಸಿಯೇರುತ್ತಿದ್ದರೆ ಅದನ್ನೂ ಸಂಕೋಚ ಬಿಟ್ಟು ಡಾಕ್ಟರ್‌ಗೆ ಹೇಳಿ, ಅದಕ್ಕೂ ಚಿಕಿತ್ಸೆ ಇದೆ. ಇಷ್ಟೆಲ್ಲ ನಡೆಯುವಾಗ ಆಸ್ತಿ ನಿರ್ಧಾರ ಕೇಳುವುದೇ ತಪ್ಪು. ಅಮ್ಮನಿಗೆ ಇಷ್ಟೇ ಹೇಳಿ: ‘ಅಮ್ಮ, ಟ್ರಾನ್ಸ್‌ಪ್ಲಾಂಟ್ ಆಗಿ ಎರಡು ವರ್ಷ ಕಳೆಯಲಿ. ಅಲ್ಲಿವರೆಗೂ ತೋಟದ ಮಾತು ಬೇಡ.’ ಎರಡು ವರ್ಷ ಅಂತ ಸುಮ್ನೆ ಹೇಳಿದ್ದಲ್ಲ. ಈ ಕಾಯಿಲೆ ಮರುಕಳಿಸುವುದಾದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲೇ. ಆ ಸಮಯದಲ್ಲಿ ನಿಮಗೆ ದುಡ್ಡಿನ ಆಧಾರವೂ ಬೇಕು, ನೆಮ್ಮದಿಯೂ ಬೇಕು.

ಕಷಾಯದ ಬಗ್ಗೆ. ಅತ್ತಿಗೆಯ ಪ್ರೀತಿ ದೊಡ್ಡದು, ಅದನ್ನು ಅವರಿಗೆ ಹೇಳಿ. ಆದರೆ ನಿಮ್ಮ ಇಮ್ಯುನಿಟಿಯನ್ನು ಹದ್ದುಬಸ್ತಿನಲ್ಲಿಡಲು ಡಾಕ್ಟರ್ ಮಾತ್ರೆ ಕೊಡುತ್ತಿರುವಾಗ, ಅದನ್ನು ಎಬ್ಬಿಸಲು ಕಷಾಯ ಕುಡಿದರೆ ಹೇಗೆ? ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಲಿವರ್‌ಗೆ ಪೆಟ್ಟುಬಿದ್ದವರ ಬಗ್ಗೆ ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಇಷ್ಟು ದಿನ ಕುಡಿದದ್ದನ್ನು ಡಾಕ್ಟರ್‌ಗೆ ಮುಚ್ಚಿಡದೆ ಹೇಳಿ, ಲಿವರ್ ಟೆಸ್ಟ್ ಮಾಡಿಸಿ. ಇಮ್ಯುನಿಟಿ ತಗ್ಗಿಸುವ ಟ್ಯಾಕ್ರೋಲಿಮಸ್ ಅಥವಾ ಸೈಕ್ಲೋಸ್ಪೋರಿನ್ ತೆಗೆದುಕೊಳ್ಳುತ್ತಿದ್ದರೆ ಚಕ್ಕೋತ ಹಣ್ಣನ್ನೂ ಮುಟ್ಟಬೇಡಿ, ರಕ್ತದಲ್ಲಿ ಔಷಧಿಯ ಮಟ್ಟ ಏರಿಬಿಡಬಹುದು. ಪ್ರೀತಿ ತೋರಿಸಲು ಅತ್ತಿಗೆಗೆ ಬೇರೆ ದಾರಿ ಕೊಡಿ. ಬಾಯಿ ಉರಿಯುವವರಿಗೆ ಖಾರವಿಲ್ಲದ, ಬಿಸಿ ಆರಿದ ಹೆಸರುಬೇಳೆ ಪೊಂಗಲ್, ಮೆತ್ತಗಿನ ರಾಗಿ ಗಂಜಿ ಮಾಡಿಕೊಟ್ಟರೆ ಎಷ್ಟು ಉಪಕಾರ!

ಸ್ಕೂಲಿನ ವಿಷಯದಲ್ಲಿ ಮನೆಯವರ ಲೆಕ್ಕ ಬೇಡ, ಡಾಕ್ಟರ್ ಲೆಕ್ಕವೇ ಇರಲಿ. ಮೂವತ್ತು ಮಕ್ಕಳ ಕ್ಲಾಸಿನಲ್ಲಿ ಒಬ್ಬರಿಗಾದರೂ ನೆಗಡಿ ಇದ್ದೇ ಇರುತ್ತದೆ. ನೀವು ಮಗುವಾಗಿದ್ದಾಗ ಹಾಕಿಸಿಕೊಂಡ ಲಸಿಕೆಗಳ ಬಲ ಹೆಚ್ಚುಕಡಿಮೆ ಅಳಿಸಿಹೋಗಿರುತ್ತದೆ, ಎಲ್ಲವನ್ನೂ ಮತ್ತೆ ಹಾಕಿಸಬೇಕು. ದಡಾರದಂಥ ಜೀವಂತ ಲಸಿಕೆಯನ್ನು (ಬಲ ಕುಗ್ಗಿಸಿದ ಜೀವಂತ ರೋಗಾಣು ಇರುವ ಲಸಿಕೆ) ಎರಡು ವರ್ಷ ಆಗುವವರೆಗೆ ಕೊಡುವುದಿಲ್ಲ. ಜಿವಿಎಚ್‌ಡಿ ಇದ್ದರೆ ಇನ್ನೂ ತಡ. ಯಾವಾಗ ಹೋಗಬಹುದು, ಅರ್ಧ ದಿನದಿಂದ ಶುರು ಮಾಡಬಹುದಾ, ಮಾಸ್ಕ್ ಬೇಕಾ ಅಂತ ಕೇಳಿ ಬರೆಸಿಕೊಂಡು ಬನ್ನಿ. ಬರವಣಿಗೆಯಲ್ಲಿದ್ದರೆ ಹೆಡ್ ಮಾಸ್ಟರ್‌ಗೂ ತೋರಿಸಬಹುದು, ಮನೆಯವರಿಗೂ ತೋರಿಸಬಹುದು.

ನಿಮ್ಮ ಯಜಮಾನರ ಮೇಲೆ ನನಗೆ ಸ್ವಲ್ಪ ಬೇಸರ ಇದೆ. ಆಸ್ತಿ ಬೇಕು ಅಂತ ಅವರು ಬಾಯಿ ಹಾಕದಿರುವುದು ಸರಿ. ಆದರೆ ನಿಮ್ಮ ಆರೋಗ್ಯ ತವರಿನ ವಿಷಯವಲ್ಲ. ‘ಅವಳಿಗೆ ಇನ್ನೂ ಹುಷಾರಿಲ್ಲ, ಈಗ ಒತ್ತಾಯ ಮಾಡಬೇಡಿ’ ಎಂಬ ಒಂದು ಮಾತನ್ನು ಅವರು ಅತ್ತೆಗೆ ಹೇಳಲೇಬೇಕು. ಒಂದು ವರ್ಷ ಆಸ್ಪತ್ರೆ, ಮನೆ ಅಂತ ಓಡಾಡಿ ಅವರೂ ದಣಿದಿರಬಹುದು. ಹಾಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಇಬ್ಬರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ.

ನನಗೆ ಜಾಸ್ತಿ ಯೋಚನೆ ಬಂದಿರುವುದು ಅಣ್ಣನ ಬಗ್ಗೆ. ಅವರು ಪಾಲು ಕೇಳಿದ್ದಾರೆ ಅಂತ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಕೇಳುತ್ತಿರುವುದು ಅಮ್ಮ. ಅಣ್ಣ ದೂರವಾಗಿರುವುದಕ್ಕೆ ತೋಟವೇ ಕಾರಣ ಅಂತ ನೀವು ಅಂದುಕೊಂಡಿದ್ದೀರಿ, ಆದರೆ ಬೇರೆ ಕಾರಣವೂ ಇರಬಹುದು. ತಾವು ಕೊಟ್ಟ ಕಣಗಳಿಂದಲೇ ಒಡಹುಟ್ಟಿದವರು ನರಳುತ್ತಿದ್ದಾರೆ ಅಂತ ಒಳಗೊಳಗೇ ಕೊರಗುವ ದಾನಿಗಳು ಇದ್ದಾರೆ. ಮನೆಯಲ್ಲಿ ಅಮ್ಮ ‘ಅವನ ರಕ್ತ ತಿರುಗಿಬಿದ್ದಿದೆ’ ಅನ್ನುವುದನ್ನು ಅವರೂ ಕೇಳಿಸಿಕೊಂಡಿರುತ್ತಾರೆ ಅಲ್ವಾ? ನಿಮ್ಮ ಮುಖ ನೋಡಲು ಅವರಿಗೆ ಧೈರ್ಯ ಸಾಲದೇ ಇರಬಹುದು.

ಮುಂದಿನ ಚೆಕಪ್‌ಗೆ ಅಣ್ಣನನ್ನೇ ಜೊತೆಗೆ ಕರೆಯಿರಿ. ಬೇರೆ ಯಾರೂ ಬೇಡ. ತುಮಕೂರಿನಿಂದ ಬೆಂಗಳೂರಿಗೆ ಹೋಗಿಬರುವಷ್ಟರಲ್ಲಿ ಮಾತಾಡಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಜಿವಿಎಚ್‌ಡಿ ಯಾಕೆ ಬರುತ್ತದೆ ಅನ್ನುವುದನ್ನು ಡಾಕ್ಟರ್ ಬಾಯಿಂದಲೇ ಅವರು ಕೇಳಿಸಿಕೊಳ್ಳಲಿ, ಅವರಿಗಿರುವ ಪ್ರಶ್ನೆಯನ್ನೂ ಕೇಳಲಿ. ವಾಪಸ್ ಬರುವಾಗ, ತೋಟದ ಮಾತು ಯಾರದು, ಅಮ್ಮನದಾ ಅವರದಾ ಅಂತ ನೇರವಾಗಿ ಕೇಳಿ. ಉತ್ತರ ಏನೇ ಬಂದರೂ ನನಗೆ ಮತ್ತೆ ಬರೆಯಿರಿ.