ಪ್ರತಿಕ್ರಿಯೆ: ಘಾಟಿಯಲ್ಲಿ ಹಳೆಯ ಲಾರಿಗಳ ಕೂಗು

ಹಳೆಯ ಟಾಟಾ 1210 ಲಾರಿಗಳು ಆಗುಂಬೆ ಘಾಟಿ ಹತ್ತುವಾಗ ಊಳಿಡುತ್ತಿದ್ದುದು ಎಂಜಿನ್ನಿನ ಸದ್ದೇ ಎಂದು ಕೇಳಿದ್ದೀರಿ. ಅಲ್ಲ, ಆ ಕೂಗು ಬಹುಮಟ್ಟಿಗೆ ಗೇರ್‌ಬಾಕ್ಸಿನದು. ಎಂಜಿನ್ನಿನದು ಕೆಳಸ್ವರದ ಗುಡುಗು ಮಾತ್ರ: ಟರ್ಬೊ (ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಚಕ್ರ) ಇಲ್ಲದ ಆರು ಸಿಲಿಂಡರಿನ ಡೀಸೆಲ್, ಹೊಗೆಕೊಳವೆಯಲ್ಲಿ ಒಂದೊಂದು ಬಡಿತವೂ ಬಿಡಿಯಾಗಿ ಕೇಳುತ್ತಿತ್ತು.

ಆಗಿನ ಹಲವು ಲಾರಿಗಳಲ್ಲಿ ಕೆಳಗಿನ ಗೇರುಗಳಿಗೆ, ಅಂದರೆ ಏರು ಹತ್ತಲು ಹಾಕುವ ನಿಧಾನದ ಗೇರುಗಳಿಗೆ, ನೇರ ಹಲ್ಲುಗಳಿರುತ್ತಿದ್ದವು. ಓರೆ ಹಲ್ಲುಗಳಾದರೆ ಜಾರಿಕೊಂಡು ನಿಧಾನವಾಗಿ ಕೂಡುತ್ತವೆ. ನೇರ ಹಲ್ಲು ತನ್ನ ಇಡೀ ಅಗಲದಲ್ಲಿ ಒಮ್ಮೆಲೇ ತಾಗುತ್ತದೆ. ಸೆಕೆಂಡಿಗೆ ನೂರಾರು ಬಾರಿ ಹಾಗೆ ತಾಗಿದಾಗ ಹುಟ್ಟುವ ಸ್ವರವೇ ನೀವು ಕೇಳಿದ್ದು. ಘಾಟಿಯ ಬುಡದ ಸೋಮೇಶ್ವರದಿಂದ ಹದಿನಾಲ್ಕು ತಿರುವುಗಳನ್ನೂ ಕೆಳಗಿನ ಗೇರುಗಳಲ್ಲೇ ಹತ್ತಬೇಕಿತ್ತು, ಹಾಗಾಗಿ ಕೂಗಿಗೆ ಬಿಡುವೇ ಇರಲಿಲ್ಲ.

ಮೇಲೆ ಬಂದು ತೀರ್ಥಹಳ್ಳಿಯ ಕಡೆ ಸಾಗಿದ ಲಾರಿ ಟಾಪ್ ಗೇರಿಗೆ ಬಿದ್ದೊಡನೆ ಆ ಕೂಗು ನಿಲ್ಲುತ್ತಿತ್ತು, ನೆನಪಿದೆಯೇ? ಆ ಗೇರಿನಲ್ಲಿ ಎಂಜಿನ್ನಿನ ಬಲ ಗೇರ್‌ಬಾಕ್ಸಿನ ಹಲ್ಲುಗಳನ್ನು ಹಾಯದೆ ನೇರವಾಗಿ ಹಿಂದಿನ ಚಕ್ರಗಳ ಕಡೆಗೆ ಹೋಗುತ್ತದೆ. ನನಗೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ.

ಈಗಿನ ಲಾರಿಗಳಲ್ಲಿ ಹಲ್ಲುಗಳು ಹೆಚ್ಚಾಗಿ ಓರೆ, ಹೊಗೆಯ ಬಡಿತವನ್ನು ಟರ್ಬೊ ನುಂಗಿ ಸಿಳ್ಳೆ ಮಾಡುತ್ತದೆ. ನಿಮ್ಮೂರಿನಲ್ಲಿ ಹಳೆಯ ಲಾರಿ ಇನ್ನೂ ಓಡುತ್ತಿದ್ದರೆ ದಯವಿಟ್ಟು ಏರಿನಲ್ಲಿ ಅದರ ಸದ್ದನ್ನು ಮೊಬೈಲಿನಲ್ಲಿ ಹಿಡಿದಿಟ್ಟು ಇಲ್ಲಿ ಹಾಕಿ.