ಚಳಿಗಾಲದ ಕಾನಿನಲ್ಲಿ ಏನು ನೋಡೋದು?

ಅಕ್ಕ, "ಮಳೆಗಾಲದಲ್ಲಿ ಕಾನಿನ ತುಂಬ ಅಣಬೆ ಇತ್ತು, ಈಗ ಮಗಳನ್ನು ಕರೆದುಕೊಂಡು ಹೋದರೆ ಬರೀ ದರಗು, ಒಣಗಿದ ಎಲೆ" ಅಂತ ಬರೆದಿದ್ದೀರಿ. ಹೋಗಿದ್ದು ಹತ್ತು ಗಂಟೆಗೆ ಅಂತಲೂ ಹೇಳಿದ್ದೀರಿ. ಎಡವಟ್ಟಾಗಿದ್ದು ಅಲ್ಲೇ. ಅಷ್ಟು ಹೊತ್ತಿಗೆ ಇಬ್ಬನಿ ಆರಿಹೋಗಿರುತ್ತದೆ.

ನಮ್ಮ ಸಾಗರದ ಕಡೆ ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದು ಏಳಕ್ಕೆ ಸ್ವಲ್ಪ ಮುಂಚೆ. ಆಗಲೇ ಕಾನಿನ ಅಂಚಿನಲ್ಲಿರಿ. ಬಿಸಿಲಿಗೆ ಬೆನ್ನು ಹಾಕಬೇಡಿ, ಮುಖ ಮಾಡಿ ನಡೆಯಿರಿ. ಜೇಡರ ಬಲೆ ಹೊಳೆಯೋದು ಎದುರು ಬೆಳಕಿಗೇ. ಹುಲ್ಲಿನ ಮೇಲೆ ಒದ್ದೆ ಪಂಚೆ ಹರವಿದ ಹಾಗೆ ಬಲೆಗಳಿರುತ್ತವಲ್ಲ, ಒಂದರ ಪಕ್ಕ ಕುಕ್ಕರುಗಾಲಲ್ಲಿ ಕೂರಿ. ಒಂದು ಕಡೆ ಕೊಳವೆ ಥರ ತೂತು ಕಾಣುತ್ತದೆ. ಹುಲ್ಲುಕಡ್ಡಿಯಿಂದ ಅಂಚನ್ನು ಮೆಲ್ಲಗೆ ನಡುಗಿಸಿ. ಹುಳ ಬಿತ್ತು ಅಂತ ಜೇಡ ಓಡಿ ಬರುತ್ತದೆ, ಗಕ್ಕನೆ ನಿಲ್ಲುತ್ತದೆ, ವಾಪಸ್ ತೂತಿಗೆ. ಒಂದು ಸಲ ಸಾಕು, ಪಾಪ.

ಹನಿಯಲ್ಲೂ ಎರಡು ಥರ ಇದೆ. ಎಲೆ ತುಂಬ ಸಾಸಿವೆ ಚೆಲ್ಲಿದಂತಿದ್ದರೆ ಇಬ್ಬನಿ. ಗರಿಕೆಯ ತುದಿಗೆ ಒಂದೇ ಒಂದು ದಪ್ಪ ಹನಿ ಕೂತಿದ್ದರೆ, ಬೇರು ಹೀರಿದ ನೀರನ್ನು ಗಿಡವೇ ರಾತ್ರಿ ಹೊರಗೆ ತಳ್ಳಿದ್ದು. ತೋಟದ ಒದ್ದೆ ಬದುವಿನಲ್ಲಿ ಜಾಸ್ತಿ ಸಿಗುತ್ತದೆ.

ಮಸಾಲೆಗೆ ಹಾಕುವ ಕಲ್ಲುಹೂವು ಗೊತ್ತಲ್ವಾ? ಅದರ ಬಂಧುಗಳು ಮರದ ತೊಗಟೆ ಮೇಲೆ ಎಷ್ಟು ಬೇಕಾದರೂ ಇರುತ್ತವೆ. ಹೆಸರಿಗೆ ಹೂವು, ನಿಜಕ್ಕೂ ಶಿಲೀಂಧ್ರ ಮತ್ತು ಪಾಚಿ ಕೂಡಿ ಮಾಡಿದ ಸಂಸಾರ. ಬಾಟಲಿಯಿಂದ ನಾಲ್ಕು ಹನಿ ಚಿಮುಕಿಸಿದರೆ ಬೂದಿ ಬಣ್ಣ ಕಣ್ಣೆದುರೇ ಹಸಿರಾಗುತ್ತದೆ. ಮರದ ಮೇಲೆ ಬೆಳೆಯುವ ಸೀತಾಳೆಯ (ಆರ್ಕಿಡ್) ಬಿಳಿ ಬೇರೂ ಹಾಗೇ. ಮಗಳಿಗೆ ಒಂದು ಭೂತಗನ್ನಡಿ ಕೊಡಿ, ದುಬಾರಿ ಕ್ಯಾಮೆರಾ ಬೇಡ. ನಾನು ಮೊನ್ನೆ ಒಂದೂವರೆ ಗಂಟೆಯಲ್ಲಿ ನಡೆದಿದ್ದು ಇನ್ನೂರು ಮಾರು ಅಷ್ಟೇ.

ಉಂಬಳ (ಜಿಗಣೆ) ಇಲ್ಲ ಅಂತ ಸುಮ್ನೆ ದರಗಿನ ಮೇಲೆ ಕೂರಬೇಡಿ. ಇದು ಉಣುಗಿನ, ಅಂದರೆ ರಕ್ತ ಹೀರುವ ಉಣ್ಣೆಯ ಕಾಲ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ ಜಾಸ್ತಿ ಕಾಣಿಸೋದು ಡಿಸೆಂಬರಿನಿಂದ ಮೇವರೆಗೆ. 1957ರಲ್ಲಿ ಈ ಕಾಯಿಲೆ ಮೊದಲು ಪತ್ತೆಯಾದ ಕ್ಯಾಸನೂರು ನಮ್ಮ ಪಕ್ಕದ ಸೊರಬ ತಾಲ್ಲೂಕಿನದೇ. ತುಂಬುತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ಆರೋಗ್ಯ ಇಲಾಖೆಯವರು ಉಣುಗು ಹತ್ತದಂತೆ ಕೊಡುವ ಡೇಪಾ ಎಣ್ಣೆ ಇದ್ದರೆ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ನೀವಿಬ್ಬರೂ ಬಚ್ಚಲಿಗೆ.