../../../ ಕಾಟಕ್ಕೆ ಪ್ಲಗಿನ್ ಬೇಡ

ನಿಮ್ಮ ಪ್ರಶ್ನೆ ಇಷ್ಟೇ ಅಲ್ವಾ: ನೋಡ್ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ) ಪ್ರಾಜೆಕ್ಟ್‌ನಲ್ಲಿ ಒಂದು ಫೈಲನ್ನು ಬೇರೆ ಫೋಲ್ಡರ್‌ಗೆ ಸರಿಸಿದರೆ ಸಾಕು, '../../../ಯುಟಿಲ್ಸ್/ಡೇಟ್' (ಒಂದೊಂದು ../ ಅಂದರೆ ಒಂದು ಫೋಲ್ಡರ್ ಮೇಲಕ್ಕೆ) ಥರದ ಇಂಪೋರ್ಟ್‌ಗಳೆಲ್ಲ ಮುರಿಯುತ್ತವೆ. ಇದಕ್ಕೆ ಬೇಬೆಲ್ (ಜಾವಾಸ್ಕ್ರಿಪ್ಟ್ ಕೋಡನ್ನು ಮಾರ್ಪಡಿಸುವ ಸಾಧನ) ಪ್ಲಗಿನ್ ಹಾಕಲೇಬೇಕಾ?

ಬೇಡ. ನೋಡ್ 14.6ರಿಂದ ಈ ಸೌಲಭ್ಯ ಒಳಗೇ ಇದೆ. ಪ್ರಾಜೆಕ್ಟ್‌ನ ವಿವರ ಇರುವ ಪ್ಯಾಕೇಜ್.ಜೇಸನ್ (package.json) ಫೈಲ್‌ನಲ್ಲಿ 'ಇಂಪೋರ್ಟ್ಸ್' (imports) ಅನ್ನೋ ಫೀಲ್ಡ್ ಸೇರಿಸಿ, ಅದರೊಳಗೆ ಹೀಗೆ ಬರೆಯಿರಿ:

"#ಯುಟಿಲ್ಸ್/*": "./ಸೋರ್ಸ್/ಯುಟಿಲ್ಸ್/*.ಜೆಎಸ್"

ಆಮೇಲೆ ಯಾವ ಮೂಲೆಯ ಫೈಲ್‌ನಿಂದಲಾದರೂ '#ಯುಟಿಲ್ಸ್/ಡೇಟ್' ಅಂತ ಕರೆದರೆ ಆಯಿತು. ಇಂಪೋರ್ಟ್ ಬದಲು ರಿಕ್ವೈರ್ (require) ಅಂತ ಫೈಲ್ ಕರೆದರೂ ನಡೆಯುತ್ತದೆ. (ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನಿಮ್ಮ ಫೋಲ್ಡರ್ ಹೆಸರು ಹೇಗಿದೆಯೋ ಹಾಗೇ ಹಾಕಿ.) ಶುರುವಿನಲ್ಲಿ # ಇರಲೇಬೇಕು. ಹೊರಗಿನ ಎನ್‌ಪಿಎಂ ಪ್ಯಾಕೇಜ್ ಹೆಸರಿನ ಜೊತೆ ಗೊಂದಲ ಆಗಬಾರದು ಅಂತ ಆ ನಿಯಮ. ಬಲಗಡೆಯ ದಾರಿ ./ ಇಂದ ಶುರುವಾಗಲಿ. ಅದನ್ನು ಮರೆತರೆ ನೋಡ್ ಅದನ್ನು ಹೊರಗಿನ ಪ್ಯಾಕೇಜ್ ಅಂದುಕೊಳ್ಳುತ್ತದೆ.

ಟೈಪ್‌ಸ್ಕ್ರಿಪ್ಟ್ (ಟೈಪ್‌ಗಳನ್ನು ಸೇರಿಸಿದ ಜಾವಾಸ್ಕ್ರಿಪ್ಟ್) ಬಳಸುವವರು ಇಂಥ ಅಡ್ಡಹೆಸರುಗಳಿಗೆ ಅದರ 'ಪಾತ್ಸ್' (paths) ಸೆಟ್ಟಿಂಗ್ ಒಂದೇ ಸಾಕು ಅಂದುಕೊಳ್ಳುತ್ತಾರೆ. ನಾನೂ ಹಾಗೇ ಮೋಸ ಹೋಗಿದ್ದೆ. ಎಡಿಟರ್‌ನಲ್ಲಿ ಒಂದೂ ಕೆಂಪು ಗೆರೆ ಇರಲಿಲ್ಲ, ಸರ್ವರ್‌ಗೆ ಹಾಕಿದ ಮೇಲೆ ಮಾಡ್ಯೂಲ್ ಸಿಗಲಿಲ್ಲ ಅಂತ ಎರರ್! ಕಾರಣ ಇಷ್ಟೇ: ಟೈಪ್‌ಸ್ಕ್ರಿಪ್ಟ್ ಕಂಪೈಲರ್ ಆ ದಾರಿಗಳನ್ನು ಔಟ್‌ಪುಟ್‌ನಲ್ಲಿ ಬದಲಾಯಿಸುವುದಿಲ್ಲ, ಇದ್ದ ಹಾಗೇ ಬಿಡುತ್ತದೆ.

ಇನ್ನೊಂದು ಮಾತು. ಪಕ್ಕದ ಫೈಲ್‌ಗೂ ಸುಮ್ನೆ # ಹಾಕಲು ಹೋಗಬೇಡಿ. ಅಲ್ಲಿ './ಡೇಟ್.ಜೆಎಸ್' ಅಂತಿದ್ದರೇ ಓದಲು ಸಲೀಸು.